ಬಾಸ್ಕೆಟ್‌ಬಾಲ್‌ಗೂ ಒಬ್ಬ ಪ್ರೊಫೆಸರ್ ಇದ್ದರು

ನಮ್ಮ ಹಾಸ್ಟೆಲ್‌ನಲ್ಲಿ ಬೆಳಗ್ಗೆ ಏಳಕ್ಕೆ ಯಾರಾದರೂ ಎದ್ದು ಕೂತಿದ್ದಾರೆ ಅಂದ್ರೆ ಅದಕ್ಕೆ ಎರಡೇ ಕಾರಣ. ಅವತ್ತು ಇಂಟರ್ನಲ್ಸ್ ಇರಬೇಕು, ಇಲ್ಲಾ ಡೆನ್ವರ್ ನಗೆಟ್ಸ್ ಮ್ಯಾಚ್ ಇರಬೇಕು. ಅಮೆರಿಕದ ರಾತ್ರಿ ನಮಗೆ ಬೆಳಗಾಗುತ್ತೆ. ಒಂದು ಲ್ಯಾಪ್‌ಟಾಪ್ ಮುಂದೆ ಆರೇಳು ಜನ, ಕೈಯಲ್ಲಿ ಮೆಸ್ ಕಾಫಿ, ಪರದೆ ಮೇಲೆ ನಿಕೋಲಾ ಯೋಕಿಚ್. ಆಟ ಗೊತ್ತಿಲ್ಲದವರು ನೋಡಿದ್ರೆ ಇವನೇನಪ್ಪಾ ಇಷ್ಟು ನಿಧಾನ ಅಂತಾರೆ. ಓಡೋದು ಕಮ್ಮಿ, ಹಾರೋದು ಇನ್ನೂ ಕಮ್ಮಿ. ಸುಮಾರು ಏಳಡಿ ಎತ್ತರದ ಮನುಷ್ಯ, ಆದ್ರೆ ಟೀಮಿನ ಅತಿ ಕುಳ್ಳ ಆಟಗಾರ ಕೊಡಬೇಕಾದ ಪಾಸ್‌ಗಳನ್ನೆಲ್ಲ ಇವನೇ ಕೊಡ್ತಾನೆ, ಅದೂ ತಿರುಗಿ ನೋಡದೆ. 2014ರಲ್ಲಿ ಎನ್‌ಬಿಎ ಟೀಮ್‌ಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಇವನ ಹೆಸರು ಬಂದದ್ದು 41ನೆಯದಾಗಿ. ಆಮೇಲೆ ಮೂರು ಸಲ ಲೀಗಿನ ಶ್ರೇಷ್ಠ ಆಟಗಾರ ಆದ.

ಒಂದು ದಿನ ನಮ್ಮಲ್ಲೊಬ್ಬ ಕೇಳಿದ: "ಇವನಿಗೆ ಇದನ್ನೆಲ್ಲ ಕಲಿಸಿದ್ದು ಯಾರೋ?" ಪ್ರಶ್ನೆ ಸುಲಭ ಅನ್ನಿಸಿತ್ತು. ಹುಡುಕ್ತಾ ಹೋದಾಗ ಸೆರ್ಬಿಯಾ, ಅದರ ಹಿಂದೆ ಯುಗೊಸ್ಲಾವಿಯಾ, ಅದರ ಹಿಂದೆ ಎರಡನೇ ಮಹಾಯುದ್ಧ ಮುಗಿದ ವರ್ಷದ ಬೆಲ್‌ಗ್ರೇಡ್, ಅಲ್ಲಿ ಬಯಲಿನಲ್ಲಿ ಬಾಸ್ಕೆಟ್‌ಬಾಲ್ ಆಡ್ತಿದ್ದ ಒಬ್ಬ ಕಾನೂನು ವಿದ್ಯಾರ್ಥಿ ಸಿಕ್ಕಿದರು. ಹೆಸರು ಅಲೆಕ್ಸಾಂಡರ್ ನಿಕೋಲಿಚ್. ಪ್ರೀತಿಯಿಂದ ಆತ್ಸಾ ಅಂತ ಕರೀತಿದ್ದರು. ಆಮೇಲೆ ಇಡೀ ಯುರೋಪ್ ಅವರನ್ನು ಕರೆದದ್ದು ಪ್ರೊಫೆಸರ್ ಅಂತ. ಅವರು ಯೋಕಿಚ್‌ಗೆ ಪಾಠ ಮಾಡಿಲ್ಲ, ಮಾಡೋಕೂ ಸಾಧ್ಯ ಇರಲಿಲ್ಲ. ಅವರು ತೀರಿಕೊಂಡಾಗ ಯೋಕಿಚ್‌ಗೆ ಐದು ವರ್ಷ. ಆದ್ರೆ ಎತ್ತರದವನಿಗೂ ಪಾಸ್ ಕಲಿಸಬೇಕು ಅಂತ ನಂಬಿದ ಒಂದು ಪರಂಪರೆ ಇದೆಯಲ್ಲ, ಅದರ ಬೇರಿನ ಹತ್ತಿರ ಇರೋದು ಈ ಮನುಷ್ಯ.

ನಿಕೋಲಿಚ್ ಹುಟ್ಟಿದ್ದು 1924ರಲ್ಲಿ, ಸರಾಯೆವೊದಲ್ಲಿ. ಆಗ ಅದು ಯುಗೊಸ್ಲಾವ್ ರಾಜ್ಯದ ಒಂದು ಊರು, ಈಗ ಬೋಸ್ನಿಯಾದ ರಾಜಧಾನಿ. ಯುಗೊಸ್ಲಾವಿಯಾ ಅನ್ನೋ ದೇಶ ಈಗ ಇಲ್ಲ. ಸೆರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಮ್ಯಾಸಿಡೋನಿಯಾ, ಈ ಆರೂ ಸೇರಿ ಒಂದು ದೇಶವಾಗಿತ್ತು ಅಂತ ನೆನಪಿಟ್ಟುಕೊಂಡರೆ ಮುಂದಿನ ಕಥೆ ಅರ್ಥ ಆಗುತ್ತೆ.

ಈ ಆಟ ಬೆಲ್‌ಗ್ರೇಡ್‌ಗೆ ಬಂದದ್ದು 1923ರಲ್ಲಿ. ಅಮೆರಿಕನ್ ರೆಡ್ ಕ್ರಾಸ್‌ನ ವಿಲಿಯಂ ವೀಲಾಂಡ್ ಎಂಬ ತರಬೇತುದಾರ ತಂದು ಪರಿಚಯಿಸಿದ. ಅಷ್ಟಕ್ಕೂ ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಂದು ಅಸೈನ್‌ಮೆಂಟ್ ಆಗಿ. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ತರಬೇತಿ ಶಾಲೆಯಲ್ಲಿ, ಒಳಾಂಗಣದಲ್ಲಿ ಆಡೋಕೆ ಆಗುವಂಥ ಒಂದು ಆಟ ಮಾಡಿಕೊಡು ಅಂತ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರಿಗೆ ಮೇಲಿನವರು ಹೇಳಿದರು. ಅವರು ಪೀಚ್ ಹಣ್ಣಿನ ಬುಟ್ಟಿ ಎರಡು ನೇತುಹಾಕಿ, 13 ನಿಯಮ ಬರೆದು ಕೊಟ್ಟರು. ಅಸೈನ್‌ಮೆಂಟ್ ಒಂದನ್ನು ಇಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರು ಇರಲಿಕ್ಕಿಲ್ಲ. ನಾವಂತೂ ಅಲ್ಲ. ಅಂದ್ರೆ ಇದು ಶುರುವಿನಿಂದಲೇ ಮೇಷ್ಟ್ರುಗಳ ಆಟ. ನಿಕೋಲಿಚ್ ಆ ಸಾಲಿನಲ್ಲಿ ಹೊಸಬರೇನಲ್ಲ.

1945ರಲ್ಲಿ ಯುದ್ಧ ಮುಗಿಯೋ ಹೊತ್ತಿಗೆ ಬೆಲ್‌ಗ್ರೇಡ್ ಎರಡು ಸಲ ಬಾಂಬ್ ತಿಂದಿತ್ತು. ಒಮ್ಮೆ ಜರ್ಮನ್ನರದ್ದು, ಇನ್ನೊಮ್ಮೆ ಮಿತ್ರಪಕ್ಷದ್ದು. ಆ ವರ್ಷವೇ ರೆಡ್ ಸ್ಟಾರ್, ಪಾರ್ಟಿಜಾನ್ ಅನ್ನೋ ಎರಡು ಕ್ಲಬ್‌ಗಳು ಹುಟ್ಟಿದವು. ಇವತ್ತಿಗೂ ಇವೆರಡರ ಮಧ್ಯೆ ಬೆಂಕಿ. ಆಡುತ್ತಿದ್ದುದು ಕಾಲೆಮೆಗ್ದಾನ್ ಕೋಟೆಯ ಬಳಿ, ಬಯಲು ಅಂಕಣದಲ್ಲಿ. ಮಳೆ ಬಂದ್ರೆ ಆಟ ಇಲ್ಲ. ನಿಕೋಲಿಚ್ ಎರಡೂ ಕ್ಲಬ್‌ಗಳಿಗೆ ಆಡಿದ್ದಾರೆ. ಆಟಗಾರನಾಗಿ ಅವರು ಸಾಧಾರಣ, ದಂತಕಥೆ ಏನಲ್ಲ. ಇದನ್ನು ಬೇಕಂತಲೇ ಹೇಳ್ತಾ ಇದ್ದೀವಿ. ಅವರ ಹೆಸರು ಉಳಿದಿರೋದು ಅವರು ಹಾಕಿದ ಪಾಯಿಂಟ್‌ಗಳಿಂದ ಅಲ್ಲ.

ಆ ಕಾಲದ ಬೆಲ್‌ಗ್ರೇಡ್ ಬಾಸ್ಕೆಟ್‌ಬಾಲ್ ಅಂದ ಕೂಡಲೆ ಸೆರ್ಬಿಯಾದವರು ನಾಲ್ಕು ಹೆಸರು ಒಟ್ಟಿಗೆ ಹೇಳ್ತಾರೆ. ನೆಬೊಯ್ಶಾ ಪೊಪೊವಿಚ್, ಬೊರಿಸ್ಲಾವ್ ಸ್ಟಾಂಕೊವಿಚ್, ರಾಡೊಮಿರ್ ಶಾಪೆರ್, ಅಲೆಕ್ಸಾಂಡರ್ ನಿಕೋಲಿಚ್. ನಾಲ್ವರೂ ಆಡುತ್ತಾ ಓದಿದವರು, ಓದುತ್ತಾ ಆಡಿದವರು. ನಿಕೋಲಿಚ್ ಕಾನೂನು ಪದವೀಧರ. ಸ್ಟಾಂಕೊವಿಚ್ ಪಶುವೈದ್ಯ. ಅವರೇ ಮುಂದೆ 1976ರಿಂದ 2002ರವರೆಗೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಪ್ರಧಾನ ಕಾರ್ಯದರ್ಶಿ ಆದರು. ಒಲಿಂಪಿಕ್ಸ್‌ನಲ್ಲಿ ಎನ್‌ಬಿಎ ಆಟಗಾರರು ಆಡೋಕೆ ಬಾಗಿಲು ತೆಗೆದದ್ದು ಅವರ ಕಾಲದಲ್ಲೇ. 1992ರ ಬಾರ್ಸಿಲೋನಾದ ಡ್ರೀಮ್ ಟೀಮ್ ಬಗ್ಗೆ ನಾವೆಲ್ಲ ರೀಲ್ಸ್ ನೋಡಿದ್ದೀವಲ್ಲ, ಅದರ ಹಿಂದೆ ಒಬ್ಬ ದನದ ಡಾಕ್ಟರ್ ಇದ್ದರು! ಶಾಪೆರ್ ನಮ್ಮ ಜಾತಿಯವರು, ಅಂದ್ರೆ ಎಂಜಿನಿಯರ್. ಬೆಲ್‌ಗ್ರೇಡ್ ವಿಶ್ವವಿದ್ಯಾಲಯದ ತಂತ್ರಜ್ಞಾನ ಮತ್ತು ಲೋಹಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್ ಆಗಿದ್ದುಕೊಂಡೇ ಫಿಬಾದಲ್ಲಿ ಆಟದ ನಿಯಮಗಳ ಕೆಲಸ ಮಾಡಿದರು. ಪೊಪೊವಿಚ್ ಕ್ಲಬ್ ಕಟ್ಟಿದವರು, ಮೊದಮೊದಲಿನ ಕೋಚ್. ನಿಕೋಲಿಚ್ ಪಾಲಿಗೆ ಉಳಿದದ್ದು ಕಲಿಸೋದು.

1950ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೀತು. ಹತ್ತು ದೇಶ. ಯುಗೊಸ್ಲಾವಿಯಾ ಹತ್ತನೇ ಸ್ಥಾನ. ಅಂದ್ರೆ ಕೊನೆ. ಮುಂದಿನ ವರ್ಷ ರಾಷ್ಟ್ರೀಯ ತಂಡದ ಕೋಚ್ ಆಗಿ ಬಂದವರು ನಿಕೋಲಿಚ್. ಆಗ ಅವರಿಗೆ 26. ನಮ್ಮ ಲ್ಯಾಬ್‌ನಲ್ಲಿ ರೆಕಾರ್ಡ್ ಚೆಕ್ ಮಾಡೋ ಪಿಎಚ್‌ಡಿ ಅಣ್ಣಂದಿರ ವಯಸ್ಸು.

ನಮಗೆ ಇಡೀ ಜೀವನಚರಿತ್ರೆಯಲ್ಲಿ ತುಂಬ ಇಷ್ಟ ಆದ ಭಾಗ ಇದರ ನಂತರದ ಹತ್ತು ವರ್ಷ, ಯಾಕಂದ್ರೆ ಆ ಹತ್ತು ವರ್ಷದಲ್ಲಿ ಪದಕ ಅನ್ನೋದೇ ಇಲ್ಲ. ಕೋಚ್ ಆಗಿ ಎಂಟು ವರ್ಷ ಆದಮೇಲೆ, 1959ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಅವರ ತಂಡ ಒಂಬತ್ತನೇ ಸ್ಥಾನದಲ್ಲಿತ್ತು. ಈಗಿನ ಕಾಲದಲ್ಲಿ ಎಂಟು ವರ್ಷ ಅಲ್ಲ, ಎಂಟು ಮ್ಯಾಚ್ ಸೋತರೆ ಕೋಚ್ ಮನೆಗೆ. ಅವರನ್ನು ಕಳಿಸಲಿಲ್ಲ. ಆ ಫಲಿತಾಂಶದಲ್ಲಿ ಕಾಣದ ಒಂದು ಕೆಲಸ ಕೆಳಗಡೆ ನಡೀತಾ ಇತ್ತು ಅನ್ನೋದು ಸುತ್ತ ಇದ್ದವರಿಗೆ ಗೊತ್ತಿತ್ತು.

ಆ ಕೆಲಸ ಏನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲಾಂದ್ರೆ "ಬೇಸಿಕ್ಸ್ ಮೇಲೆ ಒತ್ತು ಕೊಟ್ಟರು" ಅಂತ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ.

ಬಾಸ್ಕೆಟ್‌ಬಾಲ್‌ನಲ್ಲಿ ಐದು ಜನ. ಸಾಮಾನ್ಯವಾಗಿ ಎಲ್ಲ ಕಡೆ ನಡೆಯೋದು ಹೀಗೆ: ಎತ್ತರದ ಹುಡುಗ ಸಿಕ್ಕಿದ ಕೂಡಲೆ ಅವನನ್ನು ಬುಟ್ಟಿಯ ಕೆಳಗೆ ನಿಲ್ಲಿಸ್ತಾರೆ. ಕೈ ಎತ್ತು, ಬಾಲ್ ಹಿಡಿ, ಹಾಕು. ಅವನಿಗೆ ಡ್ರಿಬ್ಲಿಂಗ್ ಯಾಕೆ, ಪಾಸ್ ಯಾಕೆ, ದೂರದಿಂದ ಶೂಟ್ ಮಾಡೋದು ಯಾಕೆ? ಕುಳ್ಳಗಿರೋನು ಬಾಲ್ ತರ್ತಾನೆ, ಉದ್ದಗಿರೋನು ಹಾಕ್ತಾನೆ. ನಮ್ಮ ಕಾಲೇಜ್ ಟೀಮಿನಲ್ಲೂ ಇದೇ. ಆರಡಿ ಮೂರು ಇಂಚಿನ ನಮ್ಮ ಸೀನಿಯರ್ ಒಬ್ಬರು ಮೂರು ವರ್ಷ ಬುಟ್ಟಿ ಕೆಳಗೆ ನಿಂತಿದ್ದು ಬಿಟ್ಟರೆ ಬೇರೇನೂ ಮಾಡಿದ್ದು ನಾವು ನೋಡಿಲ್ಲ. ತಪ್ಪು ಅವರದ್ದಲ್ಲ, ಯಾರೂ ಬೇರೆ ಏನೂ ಹೇಳಿಕೊಡಲಿಲ್ಲ.

ಈಗ ಇದನ್ನೇ ಎದುರು ತಂಡದ ಕಡೆಯಿಂದ ನೋಡಿ. ನಿಮ್ಮ ಎತ್ತರದವನು ಬುಟ್ಟಿ ಬಿಟ್ಟು ಎಲ್ಲೂ ಹೋಗಲ್ಲ ಅಂತ ಗೊತ್ತಾದರೆ ಅವನನ್ನು ಕಾಯೋ ಎತ್ತರದವನೂ ಬುಟ್ಟಿ ಬಿಟ್ಟು ಹೋಗಬೇಕಿಲ್ಲ. ಅಲ್ಲೇ ನಿಂತು ಒಳಗೆ ನುಗ್ಗೋರನ್ನೆಲ್ಲ ತಡೀತಾನೆ. ಆದ್ರೆ ನಿಮ್ಮ ಏಳಡಿಯವನಿಗೆ ದೂರದಿಂದ ಬಾಲ್ ಹಾಕೋಕೆ ಬರುತ್ತೆ ಅಂದುಕೊಳ್ಳಿ. ಕಾಯೋನು ಹೊರಗೆ ಬರಲೇಬೇಕು. ಬಂದ ತಕ್ಷಣ ಬುಟ್ಟಿ ಕೆಳಗೆ ಜಾಗ ಖಾಲಿ. ಆ ಏಳಡಿಯವನಿಗೆ ಪಾಸ್ ಮಾಡೋಕೂ ಬಂದರೆ, ಆ ಖಾಲಿ ಜಾಗಕ್ಕೆ ಓಡೋ ಗೆಳೆಯನಿಗೆ ಎಲ್ಲರ ತಲೆ ಮೇಲಿಂದ ಬಾಲ್ ಕಳಿಸ್ತಾನೆ. ಎತ್ತರ ಇರೋನಿಗೆ ಅಂಕಣ ಪೂರ್ತಿ ಕಾಣುತ್ತಲ್ಲ! ಒಬ್ಬ ಆಟಗಾರನಿಗೆ ಎರಡು ವಿದ್ಯೆ ಹೆಚ್ಚು ಕಲಿಸಿದ್ದರಿಂದ ಐದೂ ಜನರ ಆಟ ಬದಲಾಯಿತು. ಬೆಳಗ್ಗೆ ಏಳಕ್ಕೆ ನಾವು ನೋಡೋದು ಇದನ್ನೇ.

ಇನ್ನೊಂದು ವಿಷಯ. ಎಷ್ಟೇ ವೇಗವಾಗಿ ಓಡೋ ಮನುಷ್ಯನಿಗಿಂತ ಎಸೆದ ಬಾಲ್ ವೇಗವಾಗಿ ಹೋಗುತ್ತೆ. ಇದಕ್ಕೆ ಫಿಸಿಕ್ಸ್ ಬೇಡ, ಕಣ್ಣು ಸಾಕು. ಆದ್ದರಿಂದ ಬಾಲ್ ಇಟ್ಟುಕೊಂಡು ಓಡೋದಕ್ಕಿಂತ ಕೈ ಬದಲಿಸೋದು ಲಾಭ. ಆದ್ರೆ ಪಾಸ್ ಮಾಡೋಕೆ ಆಚೆ ಕಡೆ ಒಬ್ಬ ಸರಿಯಾದ ಜಾಗದಲ್ಲಿ, ಸರಿಯಾದ ಕ್ಷಣದಲ್ಲಿ ಇರಬೇಕು. ಇವನು ನೋಡಿದ್ದನ್ನೇ ಅವನೂ ನೋಡಿರಬೇಕು. ಅದು ಒಬ್ಬನ ಪ್ರತಿಭೆಯಿಂದ ಆಗಲ್ಲ. ಐದು ಜನ ಒಂದೇ ಪಾಠ ಕಲಿತಿರಬೇಕು. ಸ್ಕ್ರೀನ್ ಹಾಕೋದು ಅಂತ ಒಂದಿದೆ. ನಿಮ್ಮ ಗೆಳೆಯನನ್ನು ಹಿಂಬಾಲಿಸ್ತಿರೋ ಎದುರಾಳಿಯ ದಾರಿಯಲ್ಲಿ ನೀವು ಕಂಬದ ಹಾಗೆ ನಿಲ್ಲೋದು, ಅವನು ನಿಮಗೆ ಡಿಕ್ಕಿ ಹೊಡೆಯುವಷ್ಟರಲ್ಲಿ ಗೆಳೆಯ ಬಿಡುವಾಗ್ತಾನೆ. ನೋಡೋಕೆ ಏನೂ ಇಲ್ಲ. ಸ್ಕೋರ್‌ಬುಕ್‌ನಲ್ಲಿ ಬರೆಯಲ್ಲ, ಚಪ್ಪಾಳೆ ಇಲ್ಲ. ಕಾಲು ಎಲ್ಲಿಡಬೇಕು, ಯಾವಾಗ ತಿರುಗಬೇಕು ಅಂತ ಸಾವಿರ ಸಲ ಮಾಡಿದರೆ ಮಾತ್ರ ಬರುತ್ತೆ. ಇಂಥದ್ದನ್ನೇ ತಾನೇ ಪಾಠ ಅನ್ನೋದು.

ನಿಕೋಲಿಚ್ ನಿಜವಾಗಿಯೂ ಪಾಠ ಮಾಡಿದರು, ತರಗತಿಯಲ್ಲಿ. ಬೆಲ್‌ಗ್ರೇಡ್‌ನ ದೈಹಿಕ ಶಿಕ್ಷಣ ವಿಭಾಗದಲ್ಲಿ ಬಾಸ್ಕೆಟ್‌ಬಾಲ್ ಕಲಿಸೋ ಪ್ರೊಫೆಸರ್ ಅವರು. ಪ್ರೊಫೆಸರ್ ಅನ್ನೋದು ಬರೀ ಅಡ್ಡಹೆಸರಲ್ಲ. ಇದರ ಪರಿಣಾಮ ಏನು ಅಂತ ಯೋಚಿಸಿ. ಒಬ್ಬ ಕೋಚ್ ತನ್ನ ಟೀಮಿಗೆ ಕಲಿಸಿದರೆ ಹತ್ತು ಹನ್ನೆರಡು ಹುಡುಗರಿಗೆ ಬರುತ್ತೆ. ಕೋಚ್ ಆಗೋ ಹುಡುಗರಿಗೇ ಕಲಿಸಿದರೆ ಅದು ಊರೂರಿಗೆ ಹೋಗುತ್ತೆ. ನಮ್ಮ ಸಿಲಬಸ್‌ನಲ್ಲೂ ಪಿಇ ಅಂತ ಒಂದಿದೆ, ಕ್ರೆಡಿಟ್ ಸೊನ್ನೆ, ಅಟೆಂಡೆನ್ಸ್‌ಗೆ ಸಹಿ ಹಾಕಿ ಬರ್ತೀವಿ. ಅಲ್ಲಿ ಅದೇ ವಿಷಯವನ್ನು ಮೆಕ್ಯಾನಿಕ್ಸ್ ತರ ಗಂಭೀರವಾಗಿ ತಗೊಂಡರು. ನಿಕೋಲಿಚ್ ಸುಮ್ಮನೆ ಕೂತು ತಾನೇ ಎಲ್ಲ ಕಂಡುಹಿಡಿದೆ ಅಂತಲೂ ಅಂದುಕೊಳ್ಳಲಿಲ್ಲ. 1960ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಕಾಲೇಜು ತಂಡಗಳು ಹೇಗೆ ಅಭ್ಯಾಸ ಮಾಡ್ತಾವೆ ಅಂತ ನೋಡಿ ಕಲಿತು ಬಂದರು. ರಾಷ್ಟ್ರೀಯ ತಂಡದ ಕೋಚ್ ಮತ್ತೆ ವಿದ್ಯಾರ್ಥಿ ಆದ ಹಾಗೆ.

ಫಲ ಬರೋಕೆ ಶುರುವಾದದ್ದು 1961ರಲ್ಲಿ. ಆ ಸಲ ಯುರೋಪಿಯನ್ ಚಾಂಪಿಯನ್‌ಶಿಪ್ ಬೆಲ್‌ಗ್ರೇಡ್‌ನಲ್ಲೇ ಇತ್ತು, ಅಲ್ಲಿನ ವಸ್ತುಪ್ರದರ್ಶನ ಮೈದಾನದ ಒಂದನೇ ಹಾಲ್‌ನಲ್ಲಿ. ಸಿವಿಲ್‌ನವರು ಇಲ್ಲಿ ಸ್ವಲ್ಪ ನಿಲ್ಲಿ. 1957ರಲ್ಲಿ ಕಟ್ಟಿದ ಈ ಹಾಲ್‌ನ ಗುಮ್ಮಟ ಪ್ರೀಸ್ಟ್ರೆಸ್ಡ್ ಕಾಂಕ್ರೀಟ್‌ನದು, ವ್ಯಾಸ ನೂರು ಮೀಟರ್‌ಗಿಂತ ಜಾಸ್ತಿ. ಎಂಜಿನಿಯರ್ ಬ್ರಾಂಕೊ ಜೆಜೆಲ್. ಕಟ್ಟಿದ ಕಾಲಕ್ಕೆ ಪ್ರಪಂಚದ ಅತಿ ದೊಡ್ಡ ಗುಮ್ಮಟಗಳಲ್ಲಿ ಒಂದು. ಮಳೆ ಬಂದ್ರೆ ಆಟ ನಿಲ್ಲಿಸ್ತಿದ್ದ ಊರು ಹದಿನೈದು ವರ್ಷದಲ್ಲಿ ಇಲ್ಲಿಗೆ ಬಂದಿತ್ತು. ಆ ಗುಮ್ಮಟದ ಕೆಳಗೆ ಯುಗೊಸ್ಲಾವಿಯಾ ಫೈನಲ್ ಮುಟ್ಟಿ, ಸೋವಿಯತ್ ಒಕ್ಕೂಟಕ್ಕೆ ಸೋತು, ಬೆಳ್ಳಿ ಗೆದ್ದಿತು. ದೇಶದ ಮೊದಲ ದೊಡ್ಡ ಬಾಸ್ಕೆಟ್‌ಬಾಲ್ ಪದಕ. ಕೊನೆಯ ಸ್ಥಾನದಿಂದ ಹನ್ನೊಂದು ವರ್ಷ.

ಆ ತಂಡದಲ್ಲಿ ರಾಡಿವೊಯ್ ಕೊರಾಚ್ ಇದ್ದ. ಇವನೂ ಎಂಜಿನಿಯರಿಂಗ್ ಹುಡುಗ, ಎಲೆಕ್ಟ್ರಿಕಲ್. ಹುಟ್ಟಿದ್ದು ಸೊಂಬೊರ್‌ನಲ್ಲಿ, ಯೋಕಿಚ್ ಹುಟ್ಟಿದ ಅದೇ ಸಣ್ಣ ಊರು. ಕೊರಾಚ್ ಫ್ರೀ ಥ್ರೋ ಹೊಡೀತಿದ್ದುದು ಎರಡೂ ಕೈಯಲ್ಲಿ ಬಾಲ್ ಹಿಡಿದು, ಕಾಲ ಸಂದಿಯಿಂದ ಮೇಲಕ್ಕೆ ತೂಗಿ. ನೋಡೋಕೆ ಅಜ್ಜಿ ಬಿಂದಿಗೆ ಎತ್ತಿದ ಹಾಗೆ. ಆದ್ರೆ ಬಾಲ್ ಬುಟ್ಟಿಯೊಳಗೆ ಹೋಗೋದು. 1965ರಲ್ಲಿ ಕ್ಲಬ್ ಪಂದ್ಯವೊಂದರಲ್ಲಿ ಸ್ವೀಡನ್ನಿನ ತಂಡದ ವಿರುದ್ಧ ಒಬ್ಬನೇ 99 ಪಾಯಿಂಟ್ ಹಾಕಿದ. 1969ರಲ್ಲಿ ಕಾರ್ ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ ಬರೀ ಮೂವತ್ತು.

ನಿಕೋಲಿಚ್ 1963ರಲ್ಲಿ ರಿಯೊದಲ್ಲಿ ವಿಶ್ವ ಬೆಳ್ಳಿ, 1965ರಲ್ಲಿ ಮಾಸ್ಕೋದಲ್ಲಿ ಮತ್ತೊಂದು ಯುರೋಪಿಯನ್ ಬೆಳ್ಳಿ ತಂದುಕೊಟ್ಟು ರಾಷ್ಟ್ರೀಯ ತಂಡ ಬಿಟ್ಟರು. ಐದೇ ವರ್ಷಕ್ಕೆ, 1970ರಲ್ಲಿ, ಲ್ಯುಬ್ಲ್ಯಾನಾದಲ್ಲಿ ಯುಗೊಸ್ಲಾವಿಯಾ ಅಮೆರಿಕವನ್ನು ಸೋಲಿಸಿ ವಿಶ್ವ ಚಾಂಪಿಯನ್ ಆಯಿತು. ಬ್ಯೂನಸ್ ಐರಿಸ್‌ನಿಂದ ಸರಿಯಾಗಿ ಇಪ್ಪತ್ತು ವರ್ಷ. ಆಗ ಕೋಚ್ ಜಾಗದಲ್ಲಿ ಕೂತಿದ್ದವರು ರಾಂಕೊ ಜೆರಾವಿತ್ಸಾ. ಬೀಜ ಬಿತ್ತಿದವರು ಸುಗ್ಗಿ ದಿನ ಊರಲ್ಲಿರಲಿಲ್ಲ. ಈ ನಾಲ್ವರು ಗೆಳೆಯರ ಕಥೆಯನ್ನು 2015ರಲ್ಲಿ ಸೆರ್ಬಿಯಾದಲ್ಲಿ ಸಿನಿಮಾ ಕೂಡ ಮಾಡಿದ್ದಾರೆ, ಹೆಸರಿನ ಅರ್ಥ 'ನಾವು ವಿಶ್ವ ಚಾಂಪಿಯನ್ ಆಗ್ತೀವಿ'. ಸಿಕ್ಕಿದರೆ ನೋಡಿ.

ಹಾಗಾದ್ರೆ ನಿಕೋಲಿಚ್ ಎಲ್ಲಿದ್ದರು? ಇಟಲಿಯಲ್ಲಿ. ಉತ್ತರ ಇಟಲಿಯ ವರೇಸೆ ಅನ್ನೋ ಊರಿನ ಕ್ಲಬ್. ಅದಕ್ಕೆ ಹಣ ಹಾಕುತ್ತಿದ್ದುದು ಇಗ್ನಿಸ್ ಅನ್ನೋ ಫ್ರಿಜ್, ವಾಷಿಂಗ್ ಮೆಷಿನ್ ಕಂಪನಿ. 1969ರಿಂದ 1973ರವರೆಗೆ ನಾಲ್ಕು ಸೀಸನ್ ಇದ್ದರು. ನಾಲ್ಕೂ ಸಲ ಯುರೋಪಿಯನ್ ಕಪ್ ಫೈನಲ್, ಅದರಲ್ಲಿ ಮೂರು ಸಲ ಗೆಲುವು. ಮೊದಲ ಫೈನಲ್ 1970ರ ಏಪ್ರಿಲ್‌ನಲ್ಲಿ ಮಾಸ್ಕೋದ ಸಿಎಸ್‌ಕೆಎ ವಿರುದ್ಧ, ನಡೆದದ್ದು ಸರಾಯೆವೊದಲ್ಲಿ. ಹುಟ್ಟಿದ ಊರಿಗೆ ಇಟಲಿಯ ತಂಡ ಕರಕೊಂಡು ಬಂದು 79–74ರಿಂದ ಗೆದ್ದರು. 1972ರಲ್ಲಿ ಇನ್ನೂ ವಿಚಿತ್ರ. ಫೈನಲ್‌ನಲ್ಲಿ ಎದುರಿಗೆ ಬಂದದ್ದು ತಮ್ಮದೇ ದೇಶದ, ಸ್ಪ್ಲಿಟ್ ಊರಿನ ಯುಗೊಪ್ಲಾಸ್ಟಿಕಾ. ವರೇಸೆ ಗೆದ್ದದ್ದು ಒಂದೇ ಪಾಯಿಂಟ್‌ನಿಂದ, 70–69. ತಾವೇ ಕಟ್ಟಿಕೊಟ್ಟ ಪಠ್ಯ ಓದಿ ಬಂದವರ ಜೊತೆ ಪರೀಕ್ಷೆ ಬರೆದ ಹಾಗೆ ಆಗಿರಬೇಕು. ಅವರು ಹೋದಮೇಲೂ ವರೇಸೆ ನಿಲ್ಲಲಿಲ್ಲ. 1979ರವರೆಗೆ ಲೆಕ್ಕ ಹಾಕಿದರೆ ಸತತ ಹತ್ತು ಫೈನಲ್. ನಮಗೆ ಇದೇ ಮುಖ್ಯ ಅನ್ನಿಸಿತು. ಕೋಚ್ ಹೋದ ತಕ್ಷಣ ಕುಸಿದು ಬೀಳೋ ತಂಡ ಮೇಷ್ಟ್ರು ಕಟ್ಟಿದ್ದಲ್ಲ.

ಅವರ ಶಿಸ್ತಿನ ಬಗ್ಗೆ ಎಲ್ಲ ಕಡೆ ಒಂದೇ ಮಾತು: ಕಠಿಣ, ಬಹಳ ಕಠಿಣ. ಮ್ಯಾಚ್‌ಗಿಂತ ಅಭ್ಯಾಸಕ್ಕೆ ಆಟಗಾರರು ಹೆಚ್ಚು ಹೆದರುವಂಥ ಕೋಚ್. ಇಂಥವರನ್ನು ಪ್ರೀತಿಸೋದು ಪಾಸಾದ ಮೇಲೆ ಅಂತ ನಮ್ಮ ಅನುಭವ. ಎಂ-ತ್ರೀ ತೆಗೆದುಕೊಂಡ ಮೇಡಂ ಬಗ್ಗೆ ಈಗ ಎಲ್ಲರೂ ಒಳ್ಳೇ ಮಾತಾಡ್ತಾರೆ, ಸೆಮಿಸ್ಟರ್ ನಡೀತಿದ್ದಾಗ ಕೇಳಬೇಕಿತ್ತು.

ನಂತರ ಊರಿಗೆ ವಾಪಸ್. 1977ರಲ್ಲಿ ಮತ್ತೆ ರಾಷ್ಟ್ರೀಯ ತಂಡ. ಅದೇ ವರ್ಷ ಬೆಲ್ಜಿಯಂನ ಲಿಯೇಜ್‌ನಲ್ಲಿ ಯುರೋಪಿಯನ್ ಚಿನ್ನ. 1978ರಲ್ಲಿ ಮನಿಲಾದಲ್ಲಿ ವಿಶ್ವ ಚಾಂಪಿಯನ್‌ಶಿಪ್, ಫೈನಲ್‌ನಲ್ಲಿ ಮತ್ತೆ ಸೋವಿಯತ್ ಒಕ್ಕೂಟ. ನಿಗದಿತ ಸಮಯದಲ್ಲಿ ಸಮ, ಹೆಚ್ಚುವರಿ ಸಮಯದಲ್ಲಿ 82–81. ಈ ಸಲ ಸುಗ್ಗಿಗೆ ಅವರು ಊರಲ್ಲಿದ್ದರು. ಆ ತಂಡದ ನಾಲ್ಕು ಹೆಸರು ಬರೀಲೇಬೇಕು. 2.10 ಮೀಟರ್ ಎತ್ತರದ ಕ್ರೆಶಿಮಿರ್ ಚೋಸಿಚ್, ಬುಟ್ಟಿ ಕೆಳಗೆ ನಿಲ್ಲೋದು ಬಿಟ್ಟು ಹೊರಗೆ ಬಂದು ಪಾಸ್ ಹಂಚುತ್ತಿದ್ದ ಸೆಂಟರ್. ಯೋಕಿಚ್‌ನ ಆಟ ಹೊಸದು ಅನ್ನೋರು ಯೂಟ್ಯೂಬ್‌ನಲ್ಲಿ ಇವನ ಹಳೇ ಕಪ್ಪುಬಿಳುಪು ತುಣುಕು ನೋಡಬೇಕು. ದ್ರಾಜೆನ್ ದಾಲಿಪಾಗಿಚ್, ಆ ಟೂರ್ನಿಯ ಶ್ರೇಷ್ಠ ಆಟಗಾರ. ದ್ರಾಗನ್ ಕಿಚಾನೊವಿಚ್, ಚಾಚಾಕ್ ಅನ್ನೋ ಊರಿನವನು. ಮಿರ್ಜಾ ದೆಲಿಬಾಶಿಚ್, ಬೋಸ್ನಿಯಾದವನು. ಕ್ರೊಯೇಟ್, ಸೆರ್ಬ್, ಬೋಸ್ನಿಯಾಕ್, ಎಲ್ಲ ಒಂದೇ ಅಂಗಿಯಲ್ಲಿ.

ಆ ಅಂಗಿ ಹನ್ನೆರಡು ಹದಿಮೂರು ವರ್ಷದಲ್ಲಿ ಹರಿದುಹೋಯಿತು. 1991ರಿಂದ ಯುದ್ಧ. ಚೋಸಿಚ್ ಹೊಸ ಕ್ರೊಯೇಷಿಯಾದ ರಾಜತಾಂತ್ರಿಕನಾಗಿ ವಾಷಿಂಗ್ಟನ್‌ಗೆ ಹೋಗಿ 1995ರಲ್ಲಿ ತೀರಿಕೊಂಡ. ದೆಲಿಬಾಶಿಚ್ ಮುತ್ತಿಗೆಗೆ ಸಿಕ್ಕಿದ್ದ ಸರಾಯೆವೊದಲ್ಲಿದ್ದ. 1993ರಲ್ಲಿ ಹೊಸ ದೇಶ ಬೋಸ್ನಿಯಾದ ತಂಡಕ್ಕೆ ಕೋಚ್ ಆದ. ಸರಾಯೆವೊದಲ್ಲಿ ಹುಟ್ಟಿ ಬೆಲ್‌ಗ್ರೇಡ್‌ನಲ್ಲಿ ಬದುಕಿದ ಪ್ರೊಫೆಸರ್‌ಗೆ ಇದನ್ನೆಲ್ಲ ನೋಡೋದು ಹೇಗಿತ್ತೋ. ಒಂದು ದೇಶದ ತಂಡವನ್ನು ಕಟ್ಟೋಕೆ ಜೀವಮಾನ ಕೊಟ್ಟು, ಕೊನೆಗೆ ದೇಶವೇ ಇಲ್ಲ ಅಂದ್ರೆ? ನಾವು ಹತ್ತೊಂಬತ್ತರವರು, ಇದನ್ನು ಊಹಿಸೋಕೆ ಹೋಗಲ್ಲ.

ಆ ವರ್ಷಗಳಲ್ಲೇ ಅವರ ಕೊನೆಯ ದೊಡ್ಡ ಪಾಠವೂ ನಡೆಯಿತು. 1991ರಲ್ಲಿ ಪಾರ್ಟಿಜಾನ್ ಕ್ಲಬ್ ಆಗಷ್ಟೇ ಆಟ ನಿಲ್ಲಿಸಿದ 31ರ ಜೆಲ್ಕೊ ಒಬ್ರಾದೊವಿಚ್‌ನನ್ನು ಕೋಚ್ ಮಾಡಿತು. ಇವನೂ ಚಾಚಾಕ್‌ನವನು. ಕೋಚಿಂಗ್ ಅನುಭವ ಸೊನ್ನೆ. ಅವನ ಜೊತೆ ಸಲಹೆಗಾರರಾಗಿ ಕೂತವರು 67ರ ನಿಕೋಲಿಚ್. ಯುದ್ಧದ ಕಾರಣ ಆ ಸೀಸನ್ ಯುರೋಪಿಯನ್ ಪಂದ್ಯಗಳನ್ನು ಬೆಲ್‌ಗ್ರೇಡ್‌ನಲ್ಲಿ ಆಡೋ ಹಾಗಿರಲಿಲ್ಲ. ಪಾರ್ಟಿಜಾನ್ ತನ್ನ 'ಮನೆ' ಪಂದ್ಯಗಳನ್ನು ಆಡಿದ್ದು ಸ್ಪೇನಿನ ಮ್ಯಾಡ್ರಿಡ್ ಪಕ್ಕದ ಫುಎನ್ಲಾಬ್ರಾದಾ ಊರಿನಲ್ಲಿ. ಮನೆ ಇಲ್ಲದ ತಂಡ, ಅನುಭವ ಇಲ್ಲದ ಕೋಚ್, ಬಹುತೇಕ ಎಳೇ ಹುಡುಗರು. 1992ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಫೈನಲ್. ಕೊನೆಯ ಕ್ಷಣಗಳಲ್ಲಿ ಅಲೆಕ್ಸಾಂಡರ್ ಜೋರ್ಜೆವಿಚ್ ಅಂಕಣದ ಉದ್ದಕ್ಕೂ ಬಾಲ್ ತಂದು ಮೂರು ಪಾಯಿಂಟ್ ಹಾಕಿದ. ಸ್ಪೇನಿನ ಬದಲೋನಾ ತಂಡ 70, ಪಾರ್ಟಿಜಾನ್ 71. ಮೂವತ್ತಮೂರು ವರ್ಷದ ಹಿಂದೆ ಇದೇ ಊರಿನಲ್ಲಿ ಪ್ರೊಫೆಸರ್ ತಂಡ ಒಂಬತ್ತನೇ ಸ್ಥಾನ ಪಡೆದಿತ್ತು.

ಒಬ್ರಾದೊವಿಚ್ ಆಮೇಲೆ ಬೇರೆ ಬೇರೆ ಕ್ಲಬ್‌ಗಳ ಜೊತೆ ಸೇರಿ ಒಟ್ಟು ಒಂಬತ್ತು ಸಲ ಯುರೋಪಿನ ಅತಿ ದೊಡ್ಡ ಕ್ಲಬ್ ಪ್ರಶಸ್ತಿ ಗೆದ್ದ. ನಿಕೋಲಿಚ್ ನಮ್ಮ ಗುರು ಅಂತ ಹೇಳಿಕೊಂಡ ಇನ್ನೂ ಮೂವರು ಕೋಚ್‌ಗಳಿದ್ದಾರೆ. ಬೊಜಿದಾರ್ ಮಾಲ್ಕೊವಿಚ್ ನಾಲ್ಕು ಸಲ, ದುಶಾನ್ ಇವ್ಕೊವಿಚ್ ಎರಡು ಸಲ, ಬೊಗ್ದಾನ್ ತಾನ್ಯೆವಿಚ್ ಸರಾಯೆವೊದ ಬೋಸ್ನಾ ತಂಡದೊಂದಿಗೆ ಒಂದು ಸಲ ಅದೇ ಪ್ರಶಸ್ತಿ ಗೆದ್ದಿದ್ದಾರೆ. ಕೂಡಿಸಿದರೆ ಹದಿನಾರು. ಗುರುವಿನದ್ದು ಮೂರು. ಈ ಲೆಕ್ಕ ಮಾಡಿ ಮುಗಿಸಿದಾಗ ರಾತ್ರಿ ಒಂದೂವರೆ ಗಂಟೆ, ಎರಡು ಸಲ ಕ್ರಾಸ್‌ಚೆಕ್ ಮಾಡಿದೆವು.

1998ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್‌ಗೆ ನಿಕೋಲಿಚ್ ಹೆಸರು ಸೇರಿತು. ಪೀಚ್ ಬುಟ್ಟಿ ನೇತುಹಾಕಿದ ಮೇಷ್ಟ್ರ ಊರಿಗೆ ಬೆಲ್‌ಗ್ರೇಡ್ ಮೇಷ್ಟ್ರು. 2000ದ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ಬೆಲ್‌ಗ್ರೇಡ್‌ನಲ್ಲಿ ಪಿಯೊನಿರ್ ಅಂತ ಒಂದು ಒಳಾಂಗಣ ಕ್ರೀಡಾಂಗಣ ಇದೆ, 1973ರದ್ದು. ರೆಡ್ ಸ್ಟಾರ್ ಮತ್ತು ಪಾರ್ಟಿಜಾನ್ ಎರಡೂ ಅಲ್ಲಿ ಆಡ್ತಾವೆ. ಡರ್ಬಿ ದಿನ ಎರಡೂ ಕಡೆಯ ಅಭಿಮಾನಿಗಳ ಮಧ್ಯೆ ಪೊಲೀಸರು ಸಾಲಾಗಿ ನಿಂತಿರ್ತಾರೆ. ಒಂದು ವಿಷಯದಲ್ಲೂ ಒಬ್ಬರಿಗೊಬ್ಬರು ಒಪ್ಪದವರು. 2016ರಲ್ಲಿ ಆ ಕಟ್ಟಡಕ್ಕೆ ಹೊಸ ಹೆಸರು ಇಟ್ಟರು, ಅಲೆಕ್ಸಾಂಡರ್ ನಿಕೋಲಿಚ್ ಹಾಲ್. ಇಬ್ಬರ ಅಂಗಿಯನ್ನೂ ತೊಟ್ಟು ಆಡಿದ್ದ ಮನುಷ್ಯ ತಾನೇ.